ಸಹಾಯ ಬೇಕು: ಬಾಡಿಗೆ ಮನೆಯ ಸ್ಟೀಮ್ ರೇಡಿಯೇಟರಿನ ವಿಪರೀತ ಬಿಸಿ

ನ್ಯೂಯಾರ್ಕ್ ನಗರದ ಹಳೆಯ ಕಟ್ಟಡಗಳಲ್ಲಿ ಬಾಡಿಗೆಗಿದ್ದು ಅನುಭವವಿರುವವರಲ್ಲಿ ನನ್ನದೊಂದು ವಿನಂತಿ. ನಮ್ಮ ಮಲಗುವ ಕೋಣೆಯಲ್ಲಿರುವುದು ಒಂದೇ ಕೊಳವೆಯ ಸ್ಟೀಮ್ ರೇಡಿಯೇಟರ್, ಅಂದರೆ ಹಬೆಯಿಂದ ಕೋಣೆಯನ್ನು ಬಿಸಿಮಾಡುವ ಸಾಧನ; ಹಬೆ ಬರುವುದೂ ಅದು ತಣಿದು ಆದ ನೀರು ಮರಳುವುದೂ ಒಂದೇ ಕೊಳವೆಯಲ್ಲಿ. ನೆಲಮಾಳಿಗೆಯ ಬಾಯ್ಲರ್ ಇಡೀ ಕಟ್ಟಡಕ್ಕೆ ಸೇರಿದ್ದಾದ್ದರಿಂದ ಮನೆಯೊಳಗೆ ಬಿಸಿಯನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಇಲ್ಲ, ಬುಡದ ವಾಲ್ವ್ ತುಕ್ಕು ಹಿಡಿದು ತಿರುಗುವುದೂ ಇಲ್ಲ. ಅಕ್ಟೋಬರ್ 1ರಿಂದ ಮೇ 31ರವರೆಗೆ, ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆಯಿದ್ದಾಗ ಹಗಲಿನಲ್ಲಿ ಮನೆಯೊಳಗೆ ಕನಿಷ್ಠ 68 ಡಿಗ್ರಿ ಇರಬೇಕೆಂಬುದು ನಗರದ ನಿಯಮ. ನಮ್ಮಲ್ಲಿ ರಾತ್ರಿಯೂ 80 ದಾಟುತ್ತದೆ, ಜನವರಿಯಲ್ಲಿ ಕಿಟಕಿ ತೆರೆದು ಮಲಗುತ್ತೇವೆ.

ಇಂಥ ರೇಡಿಯೇಟರಿನ ವಾಲ್ವ್ ಪೂರ್ತಿ ತೆರೆದಿರಬೇಕು ಇಲ್ಲವೇ ಪೂರ್ತಿ ಮುಚ್ಚಿರಬೇಕು, ಅರ್ಧ ಮುಚ್ಚಿದರೆ ಹಬೆ ತಣಿದು ಆದ ನೀರು ಸರಾಗವಾಗಿ ಹಿಂದಿರುಗಲಾಗದೆ ಕೊಳವೆ ಬಡಿದುಕೊಳ್ಳುತ್ತದೆ ಎಂಬುದನ್ನು ಬಲ್ಲೆ. ಆದ್ದರಿಂದ ಗಾಳಿ ಹೊರಬಿಡುವ ವೆಂಟಿನ ಜಾಗದಲ್ಲಿ ಈ ವ್ಯವಸ್ಥೆಗೆಂದೇ ತಯಾರಾದ ಥರ್ಮೋಸ್ಟಾಟಿಕ್ ವಾಲ್ವ್ ಹಾಕಿಸುವುದೇ ಸೂಕ್ತವೆಂದು ತೋರುತ್ತದೆ. ಕೋಣೆ ಸಾಕಷ್ಟು ಬಿಸಿಯಾದಾಗ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ; ರೇಡಿಯೇಟರಿನ ಒಳಗಿನ ಗಾಳಿ ಹೊರಹೋಗದಿದ್ದರೆ ಹೊಸ ಹಬೆ ತುಂಬಿಕೊಳ್ಳಲಾರದು.

ಇದನ್ನು ಹಾಕಿಸಿಕೊಂಡವರು ಮಾಲೀಕರ ಒಪ್ಪಿಗೆಯನ್ನು ಹೇಗೆ ಪಡೆದಿರಿ, ಖರ್ಚನ್ನು ಯಾರು ಭರಿಸಿದರು ಎಂಬುದನ್ನು ದಯವಿಟ್ಟು ತಿಳಿಸಿ. ಅದು ಆಗುವವರೆಗೆ, ಮೇಲ್ಭಾಗ ಮುಚ್ಚಿರುವ ರೇಡಿಯೇಟರ್ ಕವರಿನಿಂದ ಬಿಸಿ ಗಮನಾರ್ಹವಾಗಿ ತಗ್ಗುತ್ತದೆಯೇ? ಅದೇ ಕೋಣೆಯಲ್ಲಿ ಮಗು ಮಲಗುವುದರಿಂದ ಬಟ್ಟೆ, ಕಂಬಳಿ ಹೊದಿಸುವಂಥ ಉಪಾಯಗಳು ನಮಗೆ ಬೇಡ.