ಟೆಂತ್ ಓದೋ ಮಗಳಿಗೆ ಬೆಳಗಾದ್ರೆ ಹೊಟ್ಟೆನೋವು, ಸ್ಕ್ಯಾನಿಂಗ್ ನಾರ್ಮಲ್. ಏನ್ ಮಾಡ್ಲಿ?

ಹೇಮಾವತಿ ದಂಡೆ:
ನನ್ ಮಗಳು ಈಗ ಎಸ್ಸೆಸ್ಸೆಲ್ಸಿ. ಒಂಬತ್ತನೇ ಕ್ಲಾಸ್‌ವರೆಗೂ ಎರಡನೇದೋ ಮೂರನೇದೋ ಬರ್ತಿದ್ದೋಳು. ದಸರಾ ರಜೆ ಮುಗಿದಾಗಿಂದ ಬೆಳಗಾದ್ರೆ ಹೊಟ್ಟೆನೋವು, ತಿಂಡಿ ಮುಂದಿಟ್ರೆ ವಾಕರಿಕೆ, ಭಾನುವಾರ ಮಾತ್ರ ಆರಾಮಾಗಿರ್ತಾಳೆ. ಮೊದ್ಲು ನಾಟಕ ಅನ್ಕೊಂಡು ಬೈದೆ, ಆಮೇಲೆ ಹೆದ್ರಿಕೆ ಆಗಿ ಡಾಕ್ಟ್ರತ್ರ ಹೋದ್ವಿ, ಬ್ಲಡ್ ಟೆಸ್ಟು ಸ್ಕ್ಯಾನಿಂಗು ಎಲ್ಲ ನಾರ್ಮಲ್, ಗ್ಯಾಸ್ಟ್ರಿಕ್ ಮಾತ್ರೆ ಬರ್ದು ಕಳ್ಸಿದ್ರು. ಬೆಳಗ್ಗೆ ಎಂಟಕ್ಕೆ ಸ್ಪೆಷಲ್ ಕ್ಲಾಸ್ ಶುರು, ಸಂಜೆ ಆರಾಗುತ್ತೆ, ಅದಾದ್ಮೇಲೆ ಟ್ಯೂಷನ್. ಬೆಳಗಿನ ಜಾವ ಐದಕ್ಕೆ ಮೇಷ್ಟ್ರು ಫೋನ್ ಮಾಡಿ ಎದ್ದಿದಾಳಾ ಅಂತ ಕೇಳ್ತಾರೆ (ಒಳ್ಳೇದಕ್ಕೇ ಮಾಡ್ತಾರೆ, ಗೊತ್ತು), ಆದ್ರೆ ಈಗ ಯಾರ ಫೋನ್ ಬಂದ್ರೂ ಇವಳು ಬೆಚ್ಚಿ ಬೀಳ್ತಾಳೆ. ಮೊನ್ನೆ ಅವಳ ಮ್ಯಾಥ್ಸ್ ನೋಟ್ಸ್ ತೆಗೆದು ನೋಡಿದ್ರೆ ಒಂದೇ ಲೆಕ್ಕ ಬರ್ದು ಅಳ್ಸಿ ಬರ್ದು ಅಳ್ಸಿ ಹಾಳೆನೇ ತೂತಾಗಿದೆ. ಕೊನೇ ಪೇಜಲ್ಲಿ 625 ಅಂತ ಬರ್ದು ಅದ್ರಿಂದ ಎರಡು, ಐದು, ಹನ್ನೊಂದು ಅಂತ ಕಳೀತಾನೇ ಹೋಗಿದಾಳೆ. ನಮ್ಮೆಜಮಾನ್ರು "ಮಾರ್ಚ್ ಮುಗೀಲಿ ಆಮೇಲೆ ನೋಡೋಣ, ಈಗ ಡಾಕ್ಟ್ರು ಗೀಕ್ಟ್ರು ಅಂತ ಓಡಾಡಿದ್ರೆ ಓದೂ ಕೆಡುತ್ತೆ, ನೋಡಿದೋರು ಏನಂತಾರೆ" ಅಂತಾರೆ. ಕಾಯೋದಾ ಬೇಡ್ವಾ?

ಬೆಣ್ಣೆದೋಸೆ:
ಮೊಬೈಲ್ ಕಿತ್ಕೊಳ್ಳಿ, ಎಲ್ಲ ಸರಿಹೋಗುತ್ತೆ. ನಮ್ ಕಾಲ್ದಾಗೆ ಇವೆಲ್ಲ ಎಲ್ಲಿದ್ವು.

ಸೀಮೆಸುಣ್ಣ:
ನಿಮ್ ಕಾಲದಲ್ಲಿ ಕಿರುಪರೀಕ್ಷೆ ಮಾರ್ಕ್ಸ್ ಸಾಯಂಕಾಲದೊಳಗೆ ಪೇರೆಂಟ್ಸ್ ವಾಟ್ಸಾಪ್ ಗ್ರೂಪಿಗೆ ಬರ್ತಿರ್ಲಿಲ್ಲ ಸಾರ್.
ನಾನು ಹೈಸ್ಕೂಲ್ ಗಣಿತದ ಮೇಷ್ಟ್ರು, ಐದು ಗಂಟೆ ಫೋನ್ ಮಾಡೋರಲ್ಲಿ ನಾನೂ ಒಬ್ಬ. 2024ರಲ್ಲಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಬಂತು (ಹಾಲಲ್ಲಿ ಕ್ಯಾಮೆರಾ ಇಟ್ಟು ನಕಲು ಆಗದ ಹಾಗೆ ನೇರವಾಗಿ ನೋಡೋದು), ರಾಜ್ಯದ ರಿಸಲ್ಟ್ 83 ಪರ್ಸೆಂಟ್ ಇದ್ದಿದ್ದು 73ಕ್ಕೆ ಬಿತ್ತು, ಆಮೇಲೆ ನಮಗೆ ಮೇಲಿಂದ ಬಂದ ಒತ್ತಡವನ್ನ ನಾವು ಮಕ್ಕಳ ಮೇಲೆ ಇಳಿಸಿದ್ವಿ, ಸುಳ್ಳು ಯಾಕೆ ಹೇಳ್ಲಿ. ಇನ್ನೊಂದು ವಿಷಯ, ನಮ್ ಕಣ್ಣೆಲ್ಲ ಫೇಲ್ ಆಗೋ ಮಕ್ಕಳ ಮೇಲೇ ಇರುತ್ತೆ. ಚೆನ್ನಾಗಿ ಓದೋ ಹುಡುಗಿ ಸಪ್ಪಗೆ ಕೂತಿದ್ರೆ "ಗಂಭೀರವಾಗಿ ಓದ್ತಿದಾಳೆ" ಅನ್ಕೊಂಡು ಮುಂದೆ ಹೋಗ್ತೀವಿ. ಆ ವರ್ಷದಿಂದಾನೇ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಇದೆ, ಯಾವುದ್ರಲ್ಲಿ ಜಾಸ್ತಿ ಬಂತೋ ಅದನ್ನೇ ಇಟ್ಕೋಬಹುದು. ಇದನ್ನ ನಾವೇ ಕ್ಲಾಸಲ್ಲಿ ಜೋರಾಗಿ ಹೇಳಲ್ಲ, ಹೇಳಿದ್ರೆ ಮೊದಲನೇದಕ್ಕೆ ಓದಲ್ಲ ಅಂತ ಭಯ. ನಿಮ್ ಮಗಳಿಗೆ ನೀವು ಹೇಳಿ. ಐದು ಗಂಟೆ ಫೋನ್ ಬೇಡ ಅಂತ ಕ್ಲಾಸ್ ಟೀಚರಿಗೂ ಹೇಳಿಬಿಡಿ ಮೇಡಂ, ನನಗೆ ಯಾರಾದ್ರೂ ಹಾಗಂದ್ರೆ ಒಂದು ಫೋನ್ ಕಮ್ಮಿ ಆಯ್ತಲ್ಲ ಅನ್ಸುತ್ತೆ.

ಮಂಗಳವಾರ ಡ್ಯೂಟಿ:
ಮಾನಸಿಕ ಆರೋಗ್ಯದ ಟೀಮಲ್ಲಿ ಕೆಲಸ ಮಾಡ್ತೀನಿ. ಕಾಯಬೇಡಿ ಅಕ್ಕ. ಹೊಟ್ಟೆನೋವು ನಾಟಕ ಅಲ್ಲ, ಭಯ ಆದಾಗ ಕರುಳಿಗೇ ಮೊದಲು ಗೊತ್ತಾಗೋದು, ಸ್ಕ್ಯಾನಿಂಗಲ್ಲಿ ಅದು ಕಾಣಲ್ಲ ಅಷ್ಟೇ. ನಿಮ್ಹಾನ್ಸ್‌ನವ್ರು 2015-16ರಲ್ಲಿ ಮಾಡಿದ ರಾಷ್ಟ್ರೀಯ ಸರ್ವೆಯಲ್ಲಿ 13ರಿಂದ 17 ವರ್ಷದವ್ರಲ್ಲಿ 7.3 ಪರ್ಸೆಂಟ್ ಮಕ್ಕಳಿಗೆ ಮಾನಸಿಕ ತೊಂದರೆ ಇದೆ ಅಂತ ಬಂದಿತ್ತು, ಅಂದ್ರೆ ನಲವತ್ತು ಮಕ್ಕಳ ಸೆಕ್ಷನ್ನಲ್ಲಿ ಹತ್ತತ್ರ ಮೂರು ಜನ. ಪರೀಕ್ಷೆ ಟೆನ್ಷನ್ ಎಲ್ರಿಗೂ ಇರುತ್ತೆ, ಬರುತ್ತೆ ಹೋಗುತ್ತೆ. ನಿದ್ದೆ, ಊಟ, ಫ್ರೆಂಡ್ಸ್ ಜೊತೆ ಮಾತು, ಇಷ್ಟಪಟ್ಟು ಮಾಡ್ತಿದ್ದ ಕೆಲಸ ಇವೆಲ್ಲ ಎರಡು ವಾರ ದಾಟಿದ್ರೂ ಸರಿಯಾಗಿಲ್ಲ ಅಂದ್ರೆ ತೋರಿಸ್ಲೇಬೇಕು.
ಒಂದ್ಸಲ ಅವಳನ್ನ ನೇರವಾಗಿ ಕೇಳಿ, ಸಾಯ್ಬೇಕು ಅಂತ ಯಾವತ್ತಾದ್ರೂ ಅನ್ಸುತ್ತಾ ಅಂತ. ಕೇಳಿದ್ರೆ ನಾವೇ ತಲೆಗೆ ಹುಳ ಬಿಟ್ಟಂಗಾಗುತ್ತೆ ಅಂತ ತಂದೆತಾಯಿ ಹೆದರ್ತಾರೆ, ಹಾಗಾಗಲ್ಲ, ಸುಮಾರು ಮಕ್ಕಳಿಗೆ ಯಾರೋ ಕೇಳಿದ್ರಲ್ಲ ಅಂತ ಹಗುರ ಆಗುತ್ತೆ. ಹೌದು ಅಂದ್ರೆ ಒಬ್ಬಳನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡ್ ಹೋಗಿ. ಟೆಲಿ ಮನಸ್ ಅಂತ ಸರ್ಕಾರದ ಸಹಾಯವಾಣಿ 14416 ಇದೆ, 2022ರಿಂದ ನಡೀತಿದೆ, ಫ್ರೀ, ರಾತ್ರಿ ಎರಡಕ್ಕೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡ್ಬಹುದು. ತಾಲೂಕು ಆಸ್ಪತ್ರೆಗೆ ಮನೋಚೈತನ್ಯ ಅಂತ ಮಂಗಳವಾರ ಮನೋವೈದ್ಯರು ಬರ್ತಾರೆ, ಒಂದ್ಸಲ ಫೋನ್ ಮಾಡಿ ವಿಚಾರಿಸ್ಕೊಂಡು ಹೋಗಿ. ಹೋದ ತಕ್ಷಣ ಮಾತ್ರೆ ಕೈಗಿಡ್ತಾರೆ ಅನ್ಕೋಬೇಡಿ, ಮೊದ್ಲು ಮಾತಾಡ್ಸೋದೇ ಜಾಸ್ತಿ. ಸ್ಕೂಲು ಪೂರ್ತಿ ಬಿಡಿಸ್ಬೇಡಿ, ವಾರಗಟ್ಟಲೆ ಮನೇಲಿ ಕೂತ್ರೆ ಮತ್ತೆ ಗೇಟ್ ದಾಟೋದು ಇನ್ನೂ ಕಷ್ಟ. ಸ್ಪೆಷಲ್ ಕ್ಲಾಸ್, ಟ್ಯೂಷನ್ನು ಬೇಕಾದ್ರೆ ಕಟ್ ಮಾಡಿ.

ಕುಡ್ಲದ ಅಮ್ಮ:
ನಾವು ಪರೀಕ್ಷೆ ಮುಗಿಯಲಿ ಅಂತ ಕಾದದ್ದು ಮಾರಾಯ್ರೆ. ಪರೀಕ್ಷೆ ಮುಗಿಯಿತು, ಮಾರ್ಕ್ಸೂ ಒಳ್ಳೆದೇ ಬಂತು, ಮಗ ಮಾತ್ರ ರೂಮಿಂದ ಹೊರಗೆ ಬರ್ಲಿಲ್ಲ. ಸೈನ್ಸಿಗೆ ಸೇರಿಸಿದೆವು, ಒಂದು ತಿಂಗಳು ಹೋದ, ಬಿಟ್ಟ. ಒಂದು ವರ್ಷ ಹೋಯ್ತು. ಆಮೇಲೆ ಡಾಕ್ಟ್ರು, ಕೌನ್ಸೆಲಿಂಗ್ ಎಲ್ಲ ಮಾಡಿಸಿ ಈಗ ಕಾಮರ್ಸ್ ಓದ್ತಾ ಇದ್ದಾನೆ, ಸಂಜೆ ವಾಲಿಬಾಲ್ ಆಡ್ತಾನೆ. ನೋಡಿದವರು ಏನು ಹೇಳ್ತಾರೆ ಅಂತ ನಮ್ಮವರಿಗೂ ಇತ್ತು. ಕ್ಯೂನಲ್ಲಿ ನಮ್ಮ ಪಕ್ಕದ ಬೀದಿಯವರೇ ಸಿಕ್ಕಿದ್ರು, ಅವರ ಮಗಳನ್ನು ಕರ್ಕೊಂಡು ಬಂದದ್ದು.

ಹೇಮಾವತಿ ದಂಡೆ:
ಎಲ್ರಿಗೂ ಥ್ಯಾಂಕ್ಸ್. ಮೊನ್ನೆ ರಾತ್ರಿ ಜಡೆ ಹಾಕ್ತಾ ಕೇಳ್ದೆ, ಮುಖ ನೋಡಿ ಕೇಳೋಕೆ ಧೈರ್ಯ ಬರ್ಲಿಲ್ಲ. "ಸಾಯ್ಬೇಕು ಅಂತಲ್ಲಮ್ಮ, ನಾಳೆ ಬೆಳಗಾಗೋದೇ ಬೇಡ ಅನ್ಸುತ್ತೆ" ಅಂದ್ಲು. ಅವಾಗ್ಲೇ 14416ಕ್ಕೆ ಮಾಡಿದ್ವಿ, ನನ್ ಹತ್ರ ಸ್ವಲ್ಪ ಹೊತ್ತು, ಅವಳ ಹತ್ರ ಅರ್ಧ ಗಂಟೆ ಮಾತಾಡಿದ್ರು, ತಡ ಮಾಡ್ದೆ ಡಾಕ್ಟ್ರಿಗೆ ತೋರ್ಸಿ, ಅಲ್ಲೀತನಕ ಒಬ್ಬಳೇ ಮಲಗೋದು ಬೇಡ ಅಂದ್ರು. ನಮ್ಮೆಜಮಾನ್ರು ಟಿವಿ ಆಫ್ ಮಾಡಿ ಬಾಗಿಲ ಹತ್ರಾನೇ ನಿಂತಿದ್ರು. ನಾಳೆ ಮಂಗಳವಾರ, ಅವ್ರೇ ರಜೆ ಹಾಕಿದಾರೆ.
ಇವತ್ತು ಐದಕ್ಕೆ ಫೋನ್ ಬರ್ಲಿಲ್ಲ. ಆದ್ರೂ ಎದ್ದು ಕೂತಿದ್ಲು. ಬರಲ್ಲ ಮಲ್ಕೋ ಅಂದೆ, ಏಳೂವರೆವರೆಗೂ ಮಲಗಿದ್ಲು. ಅರ್ಧ ಅಕ್ಕಿರೊಟ್ಟಿ ತಿಂದ್ಲು.