ಹಳೆ ಚಾಲಿ, ಹೊಸ ಚಾಲಿ

ನಮ್ಮ ಭಾವ ಕಾರು ತಗೊಳ್ತೇನೆ ಅನ್ನಲು ಶುರುಮಾಡಿ ಮೂರು ಮಾರಿಜಾತ್ರೆ ಕಳೆಯಿತು. ಶಿರಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ, ಲೆಕ್ಕ ನೀವೇ ಹಾಕಿಕೊಳ್ಳಿ. ಅವನು ನನ್ನ ಅಕ್ಕನ ಗಂಡ, ಹಾಗಾಗಿ ನನಗೆ ಭಾವ. ನಾನು ಅವನ ಹೆಂಡತಿಯ ತಮ್ಮ, ಹಾಗಾಗಿ ಅವನಿಗೆ ನಾನೂ ಭಾವ. ನಮ್ಮಲ್ಲಿ ಇದರಿಂದ ಯಾರಿಗೂ ಗೊಂದಲವಿಲ್ಲ.

ಈಗಿರುವುದು 2009ರ ಓಮ್ನಿ. ಹಿಂದಿನ ಸೀಟು ಕಿತ್ತು ಅಟ್ಟಕ್ಕೆ ಹಾಕಿ ಯಾವ ಕಾಲವಾಯಿತೋ. ಅಲ್ಲಿ ಹಿಂಡಿ ಚೀಲ, ಸುಣ್ಣ, ಮೈಲುತುತ್ತ, ಬಾಳೆಗೊನೆ, ಒಮ್ಮೊಮ್ಮೆ ಕರು. ಎಡಬದಿಯ ಬಾಗಿಲು ಒಳಗಿಂದ ತೆಗೆಯಲು ಬರುವುದಿಲ್ಲ. ಹಾಗಾಗಿ ಮದುವೆಮನೆ ಮುಂದೆ ಗಾಡಿ ನಿಂತರೆ ಭಾವ ಇಳಿದು, ಸುತ್ತು ಹಾಕಿ ಬಂದು, ಅಕ್ಕನಿಗೆ ಬಾಗಿಲು ತೆಗೆಯುತ್ತಾನೆ. ಹೆಂಡತಿಯನ್ನು ಇಷ್ಟು ಗೌರವದಿಂದ ಕಾಣುವ ಗಂಡಸು ಸೀಮೆಯಲ್ಲೇ ಇಲ್ಲ ಎಂದು ಹೆಸರಾಗಿದೆ. 2024ರಲ್ಲಿ ಗಾಡಿಗೆ ಹದಿನೈದು ತುಂಬಿತು. ನವೀಕರಣಕ್ಕೆ 5 ಸಾವಿರ ಕಟ್ಟಿ ಇನ್ನೈದು ವರ್ಷದ ಆಯುಷ್ಯ ತಂದದ್ದೂ ಆಯಿತು.

"ಸಾಕು," ಎಂದಳು ಅಕ್ಕ, ಈ ಆಷಾಢದಲ್ಲಿ. "ಚೌತಿಗೆ ಗಣಪತಿ ತರೂದು ಬೇರೆ ಕಾರಿನಲ್ಲಿ."

ಸಭೆ ಸೇರಿತು. ಹೊರಗೆ ಜಡಿಮಳೆ, ಅಡಕೆಗೆ ಕೊಳೆರೋಗದ ಔಷಧಿ ಹೊಡೆಯಲು ಬಂದ, ಮರ ಹತ್ತುವ ಕೊನೆಗೌಡನೂ ಕೊಟ್ಟಿಗೆ ಮಾಡಿನಲ್ಲಿ ಕೂತಿದ್ದ. ಜಗಲಿಯಲ್ಲಿ ಕವಳದ ತಬಕು, ಹಲಸಿನ ಹಪ್ಪಳ, ಕಷಾಯ. ಭಾವ, ನಾನು, ನಿವೃತ್ತ ಮಾಸ್ತರ್ರು, ಅಂಕೋಲೆಯ ನಾಯಕರು. ನಾಯಕರು ಒಂದು ಕಾಲದಲ್ಲಿ ಲಾರಿ ಇಟ್ಟಿದ್ದವರು. ಮಗಳನ್ನು ಶಿರಸಿಗೆ ಕೊಟ್ಟ ಮೇಲೆ ಮಳೆಗಾಲವೆಲ್ಲ ಇಲ್ಲೇ.

"ಹೊಸದೇ ತಗಳ ತಮಾ," ಎಂದರು ಮಾಸ್ತರ್ರು. "2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ 28 ಇದ್ದದ್ದು 18ಕ್ಕೆ ಬಂದಿದೆ. ಉದ್ದ ನಾಲ್ಕು ಮೀಟರು ದಾಟಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ ದಾಟಬಾರದು, ಅಷ್ಟೇ."

"ನಾನೂ ಅದೇ ನಂಬಿ ಶೋರೂಮಿಗೆ ಹೋಗಿದ್ದೆ," ಎಂದು ಭಾವ ಕಿಸೆಯಿಂದ ಮಡಿಚಿದ ಚೀಟಿ ತೆಗೆದ. ಮೇಲ್ಗಡೆ ಆರು ಲಕ್ಷ ಎಂದು ದುಂಡಗೆ ಬರೆದಿತ್ತು. ಅದರ ಕೆಳಗೆ ಉಳಿದದ್ದು ಶುರು. "ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ನಮ್ಮ ರಾಜ್ಯದಲ್ಲಿ ಆಜೀವ ತೆರಿಗೆ ಶೇ. 14. ಅಲ್ಲಿಗೆ 84 ಸಾವಿರ. ಆ ತೆರಿಗೆ ಮೇಲೆ ಸೆಸ್ಸು. ಇನ್ನೂ ಗೇರು ಹಾಕಲಿಲ್ಲ ಭಾವ, ಲಕ್ಷದ ಹತ್ರ ಹೋತು! ಮತ್ತೆ ವಿಮೆ. ಥರ್ಡ್ ಪಾರ್ಟಿ ಒಂದೇ ಸಲಕ್ಕೆ ಮೂರು ವರ್ಷದ್ದು ಕಟ್ಟವಡ."

"ವಿಮೆ ಅವರ ಹತ್ರವೇ ಮಾಡಬೇಕು ಅಂತ ಎಲ್ಲಿದೆ?" ನಾಯಕರು ಹಪ್ಪಳ ಮುರಿದರು. "ಹೊರಗೆ ಮಾಡ್ಸಿ. ಅಲ್ಲೇ ಎಂಟ್ಹತ್ತು ಸಾವಿರ ಆಟ ಅದೆ. ಚೌಕಾಶಿ ಮಾಡಿದ್ರೋ ಇಲ್ವೋ?"

"ಮಾಡದೇ ಬಿಡ್ತ್ನಾ? ಒಂದೂವರೆ ತಾಸು ಮಾಡಿದೆ."

"ಎಷ್ಟು ಇಳಿಸಿದ್ರು?"

ಭಾವ ಸ್ವಲ್ಪ ಹೊತ್ತು ಮಳೆ ನೋಡಿದ. "ಒಂದು ಕೊಡೆ ಕೊಟ್ಟ. ಡ್ಯಾಶ್‌ಬೋರ್ಡಿಗೆ ಇಡುವ ಗಣಪತಿ ಕೊಡ್ತೆ ಹೇಳಿದ್ದ."

ಭಾವನನ್ನು ಆಡಿಕೊಂಡು ಪ್ರಯೋಜನವಿಲ್ಲ. ಅಡಕೆ ಬೆಳೆಯುವ ನಾವು ಜನ್ಮದಲ್ಲಿ ಚೌಕಾಶಿ ಕಲಿತವರಲ್ಲ. ವರ್ಷವಿಡೀ ಬೆಳೆದದ್ದನ್ನು ಬಿಸಿಲಿಗೆ ಒಣಗಿಸಿ, ಸುಲಿದು, ಚಾಲಿ ಮಾಡಿ ಸೊಸೈಟಿಗೆ ಹಾಕುತ್ತೇವೆ, ವ್ಯಾಪಾರಸ್ಥರು ಟೆಂಡರಿನಲ್ಲಿ ದರ ಬರೆಯುತ್ತಾರೆ, ನಾವು ಎಷ್ಟು ಬಿತ್ತು ಎಂದು ಕೇಳಿ, ಮಸಾಲೆದೋಸೆ ತಿಂದು ಬಸ್ಸು ಹತ್ತುತ್ತೇವೆ. ಮಾರುವಾಗಲೂ ದರ ಬೇರೆಯವರದು, ಕೊಳ್ಳುವಾಗಲೂ ಬೇರೆಯವರದು.

"ಒಂದು ವಿಷಯ ನಂಗೆ ತಿಳಿಯದಿಲ್ಲೆ," ಎಂದ ಭಾವ. "ಕುಮಟೆ ಪೇಟೆಯಲ್ಲಿ ಹಳೆ ಚಾಲಿಗೆ ಹೊಸ ಚಾಲಿಗಿಂತ ದರ ಜಾಸ್ತಿ. ಇಟ್ಟಷ್ಟೂ ಒಣಗಿ ಗಟ್ಟಿಯಾಗ್ತು. ಕಾರಿಗೆ ಮಾತ್ರ ಯಾಕೆ ಉಲ್ಟಾ?"

"ಕಾರು ಇಟ್ಟರೆ ಒಣಗ್ತಿಲ್ಲೆ ತಮಾ, ತುಕ್ಕು ಹಿಡಿತು."

"ಹಂಗಾರೆ ಹಳೇದೇ ತಗಳದು ಲಾಭ ಆತಲ. ತೆರಿಗೆ ಮೊದಲಿನವ ಕಟ್ಟಿದ್ದ, ಇಳಿಯುವ ದರ ಅವನ ತಲೆ ಮೇಲೇ ಇಳಿದು ಮುಗದ್ದು."

ಇದಕ್ಕೆ ಮಾಸ್ತರ್ರ ಹತ್ತಿರ ಉತ್ತರವಿರಲಿಲ್ಲ. ಮಾಸ್ತರ್ರಾದ್ದರಿಂದ ವಿಷಯ ಬದಲಿಸಿದರು. "ಗೋವೆಯಿಂದ ತಂದ್ರೆ ಅಗ್ಗವಡ."

ನಾಯಕರು ಕೈ ಅಡ್ಡ ಆಡಿಸಿದರು. "ಬೇಡ್ರೋ ಮಾರಾಯ್ರೆ. ಮಾಜಾಳಿ ಗಡಿ ದಾಟುವಾಗ ಅಗ್ಗ. ಆಮೇಲೆ ಅಲ್ಲಿಯ ಆರ್‌ಟಿಓದಿಂದ ಎನ್‌ಓಸಿ ತರ್ಬೇಕು, ಇಲ್ಲಿ ಕೆಎ ನಂಬರು ಮಾಡ್ಸಬೇಕು, ನಮ್ಮ ತೆರಿಗೆ ಮತ್ತೆ ಕಟ್ಟಬೇಕು. ಅಲ್ಲಿ ಕಟ್ಟಿದ್ದು ವಾಪಸ್ ಬೇಕಂದ್ರೆ ಅಲ್ಲಿಗೇ ಓಡಾಡಬೇಕು. ಮತ್ತೆ ಕರಿ ನಂಬರು ಪಾಟಿಗೆ ಹಳದಿ ಅಕ್ಷರದ ಬಾಡಿಗೆ ಕಾರು ನೋಡಿದ್ರಲ್ಲ? ದಿನಕ್ಕೊಬ್ಬ ಹೊಸ ಡ್ರೈವರು, ಎಲ್ಲರಿಗೂ ಬೀಚಿನ ಮರಳಲ್ಲೇ ಓಡ್ಸಬೇಕು. ಅಂಥದ್ದು ಬಿಳಿ ಪಾಟಿ ಹಾಕ್ಕಂಡು ಸಿಕ್ಕಿದ್ರೆ ಯಾರಿಗೆ ಗೊತ್ತಾಗ್ತದೆ?"

"ಹಾಗಾದ್ರೆ ನಿಮ್ಮ ಅಂಕೋಲೆ ಕಡೆಯದು?"

"ನಮ್ಮೂರಿನದೂ ಬೇಡ," ಎಂದರು ಪ್ರಾಮಾಣಿಕವಾಗಿ. "ಉಪ್ಪುಗಾಳಿ. ಮೇಲಿಂದ ಮದುಮಗ, ಅಡಿಗೆ ಮಲಗಿ ನೋಡಿದ್ರೆ ಜರಡಿ. ಸಾಲದ್ದಕ್ಕೆ 2019ರ ಆಗಸ್ಟಿನಲ್ಲಿ ಗಂಗಾವಳಿ ಉಕ್ಕಿದಾಗ ನೀರು ಕುಡಿದ ಗಾಡಿ ಎಷ್ಟೋ. ಸೀಟು ತೊಳೀಬಹುದು ಹೆಗಡೇರೆ. ಬೆಲ್ಟನ್ನ ಪೂರ್ತಿ, ಬುಡದವರೆಗೆ ಎಳೆದು ನೋಡಿ. ಕೊನೇ ಗೇಣಲ್ಲಿ ಕೆಸರಿನ ಗೆರೆ ಇದ್ದೇ ಇರ್ತದೆ. ಅಲ್ಲಿಯವರೆಗೆ ಯಾರೂ ತೊಳೆಯೂದಿಲ್ಲ."

ಒಳಗಿಂದ ಅಕ್ಕನ ದನಿ ಬಂತು: "ಘಟ್ಟದ ಮೇಲಿನದೇ ಒಂದು ಇದ್ದು. ಸಿದ್ದಾಪುರದ ಬದಿಗೆ. 2019ರ ವ್ಯಾಗನ್ ಆರ್, ಒಬ್ಬರೇ ಓಡಿಸಿದ್ದು, 41 ಸಾವಿರ ಕಿಲೋಮೀಟರು. ನಾಲ್ಕು ಇಪ್ಪತ್ತು ಹೇಳ್ತಿದ್ರು. ನಾಳೆ ಬತ್ಯ ಹೇಳಿ ಫೋನು ಮಾಡಿದ್ದಿ."

ಸಭೆ ಬರ್ಖಾಸ್ತಾಯಿತು.

ಹೊರಡುವಾಗ ಅಕ್ಕ ಗಂಡನಿಗೆ ಒಂದೇ ಒಂದು ಕಟ್ಟಪ್ಪಣೆ ಮಾಡಿದಳು. "ಅಲ್ಲಿ ಎಂತ ಬೇಕಾದರೂ ಮಾತಾಡಿ. 'ಅಡ್ಡಿಲ್ಲೆ' ಹೇಳಿ ಮಾತ್ರ ಹೇಳಡಿ."

ಈ ಶಬ್ದದ ಬಗ್ಗೆ ಘಟ್ಟದ ಕೆಳಗಿನವರಿಗೂ ಬಯಲುಸೀಮೆಯವರಿಗೂ ಸ್ವಲ್ಪ ಹೇಳಬೇಕು. ಅಡ್ಡಿಲ್ಲೆ ಎಂದರೆ ಅಡ್ಡಿಯಿಲ್ಲ. ಹುಡುಗಿ ಹೇಗಿದ್ದಾಳೆ? ಅಡ್ಡಿಲ್ಲೆ. ಆಪರೇಷನ್ ಹೇಗಾಯ್ತು? ಅಡ್ಡಿಲ್ಲೆ. ತಾಳಮದ್ದಳೆ? ಅಡ್ಡಿಲ್ಲೆ. ನಮ್ಮಲ್ಲಿ ಅತಿ ದೊಡ್ಡ ಹೊಗಳಿಕೆಯೂ ಅದೇ, ಸುಮ್ಮನೆ ಜಾರಿಕೊಳ್ಳುವುದೂ ಅದೇ, ಒಪ್ಪಿಗೆಯೂ ಅದೇ. ಒಪ್ಪಿಗೆಯೂ ಅದೇ ಎಂಬುದೇ ತೊಂದರೆ.

ಓಮ್ನಿಯಲ್ಲಿ ಐವರೂ ಹೋದೆವು, ಮೂವರು ಹಿಂದೆ ಗೋಣಿಚೀಲದ ಮೇಲೆ. ಕಾರು ಮಾರುವವರೂ ನಮ್ಮಂತೆ ತೋಟದವರೇ. ಅಂಗಳದಲ್ಲಿ ಕಾಲು ತೊಳೆಯುವ ಮೊದಲೇ "ಆಸರಿಗೆ ಎಂತ ಮಾಡ್ಲಿ?" ಎಂದರು. ಮಜ್ಜಿಗೆ ಬಂತು. ಭಾವ ಕಾರಿನ ಸುತ್ತ ತಿರುಗಿ, ಬಾಗಿಲನ್ನು ಉಗುರಿನಿಂದ ಚಾಲಿ ಅಡಕೆ ಬಡಿದ ಹಾಗೆ ಬಡಿದು ಕಿವಿಗೊಟ್ಟ, ಒಳಗೆ ತಲೆ ಹಾಕಿ ಮೂಸಿದ. ಕಚ್ಚಿ ನೋಡುವುದೊಂದು ಬಾಕಿ.

ನಾಯಕರು ಮಾತ್ರ ನೇರ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. "ಬಿಸಿ ಅದೆ."

"ಬೆಳಿಗ್ಗೆ ಡೇರಿಗೆ ಹಾಲು ಹಾಕಲೆ ಹೋಗಿದ್ದೆ," ಎಂದರು ಯಜಮಾನರು.

"ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ನೋಡ್ಬೇಕಿತ್ತು. ಬಿಸಿ ಎಂಜಿನ್ನು ಎಲ್ಲಾರದೂ ಸರಿಯೇ ಇರ್ತದೆ."

"ಅದಕ್ಕೆಂತ! ತಣಿಯುವವರೆಗೆ ಊಟ ಮಾಡಿ."

ನಾವು ಸೋತದ್ದು ಇಲ್ಲಿಯೇ. ಮಧ್ಯಾಹ್ನದ ಹನ್ನೆರಡು, ಹೊರಗೆ ಮಳೆ, ಒಳಗೆ ಹಲಸಿನ ಹಣ್ಣಿನ ಪಾಯಸದ ಪರಿಮಳ. ಬಾಳೆ ಹಾಕುವಷ್ಟರಲ್ಲಿ ಯಾವ ಊರು, ಯಾರ ಪೈಕಿ ಎಂದು ಶುರುವಾಯಿತು. ಯಜಮಾನರ ಅತ್ತಿಗೆಯ ತವರುಮನೆಗೂ ಭಾವನ ಸೋದರತ್ತೆಯನ್ನು ಕೊಟ್ಟ ಮನೆಗೂ ಹಿಸ್ಸೆ ಆದದ್ದು ಮೂರು ತಲೆಮಾರಿನ ಹಿಂದೆ ಅಷ್ಟೇ ಎಂದು ತಂಬುಳಿ ಬರುವಾಗ ಪತ್ತೆಯಾಯಿತು. "ಹಂಗಾರೆ ಹತ್ರದವೇ ಆತು!" ಎಂದರು ಯಜಮಾನರು ಸಂತೋಷದಿಂದ. ಭಾವನ ಮುಖ ಬಾಡಿತು. ಹತ್ತಿರದವರ ಜೊತೆ ಚೌಕಾಶಿ ಹೇಗೆ ಮಾಡುವುದು?

ಈ ನಡುವೆ ನನಗೊಂದು ಕೆಲಸ ಹಚ್ಚಿದ್ದರು. ಸರ್ಕಾರದ ಎಂ-ಪರಿವಾಹನ ಆ್ಯಪಿನಲ್ಲಿ ಗಾಡಿ ನಂಬರು ಹಾಕಿ ದಾಖಲೆ ನೋಡಬೇಕು. ನೆಟ್‌ವರ್ಕ್ ಸಿಗುವುದು ಕೊಟ್ಟಿಗೆ ಹಿಂದಿನ ಗುಡ್ಡೆಯ ಮೇಲೆ. ಕೊಡೆ ಹಿಡಿದು, ರಕ್ತ ಹೀರುವ ಇಂಬಳಕ್ಕೆ ಹೆದರಿ ಕುಣಿಯುತ್ತಾ ಹತ್ತಿದೆ. ತೆರೆದುಕೊಂಡಿತು. ಕೆಳಗೆ ಅಂಗಳದಲ್ಲಿ ಮಾಸ್ತರ್ರು "ಎಂತ ಇದ್ದು?" ಎಂದು ಕೂಗಿದರು. ನಾನು ಯೋಚನೆ ಮಾಡದೆ ಕೂಗಿಬಿಟ್ಟೆ: "ಸಾಲ ಇದ್ದು!"

ಕಣಿವೆಯ ಆಚೆ ಮನೆಯಲ್ಲಿ ನಾಯಿ ಬೊಗಳಿತು.

ಸಾಲ ತೀರಿತ್ತು, ಪಾಪ. ಬ್ಯಾಂಕಿನ ಹೆಸರು ಆರ್‌ಸಿಯಿಂದ ತೆಗೆಸಿರಲಿಲ್ಲ. ಬ್ಯಾಂಕಿನ ಪತ್ರ, ಫಾರ್ಮ್ 35 ಕೊಟ್ಟರೆ ಹೋಗುತ್ತದೆ. ಆಮೇಲಷ್ಟೇ ನಮ್ಮ ಹೆಸರಿಗೆ ಮಾಡುವ ಫಾರ್ಮ್ 29, 30. ಆದರೆ ಆ ಯಜಮಾನರು ಮುಂದಿನ ಅರ್ಧ ಗಂಟೆ ನನ್ನ ಎಲೆಗೆ ಪಾಯಸ ಬಡಿಸಲಿಲ್ಲ.

ಪಂಕ್ತಿಯಲ್ಲಿ ಎರಡನೇ ಸಲ ಪಾಯಸ ಬಂತು. ಯಜಮಾನರು ಸೌಟು ಹಿಡಿದು ಭಾವನ ಎದುರು ಬಗ್ಗಿದರು. "ನಾಲ್ಕು ಇಪ್ಪತ್ತು ಹೇಳಿದ್ದಿ... ಪಾಯಸ ಹೆಂಗಾಯ್ದು?"

"ಅಡ್ಡಿಲ್ಲೆ," ಎಂದ ಭಾವ.

ಇಡೀ ಪಂಕ್ತಿ ಸ್ತಬ್ಧ. ಯಜಮಾನರ ಮುಖ ಅರಳಿತು. "ಹಂಗಾರೆ ಆತು!"

ಅಕ್ಕ ಅಡುಗೆಮನೆ ಬಾಗಿಲಲ್ಲಿ ತುಪ್ಪದ ಗಿಂಡಿ ಹಿಡಿದು ನಿಂತಿದ್ದಳು. "ಅಡ್ಡಿಲ್ಲೆ ಹೇಳಿದ್ದು ಪಾಯಸಕ್ಕೆ ಭಾವಾ," ಎಂದಳು. ಆಗಲೇ ಅವರೂ ಭಾವ ಆಗಿದ್ದರು. "ಕಾರಿಗೆ ಟೈರಿಲ್ಲೆ."

"ಟೈರಿಗೆಂತ ಆಯ್ದು? ಹಲ್ಲು ಚೊಲೋ ಇದ್ದಲಿ."

"ಹಲ್ಲು ಅದೆ, ಮುದಿ ಹಲ್ಲು," ಎಂದರು ನಾಯಕರು ಪಂಕ್ತಿಯ ತುದಿಯಿಂದ. "ಬದಿಗೆ ನಾಲ್ಕು ಅಂಕಿ ನೋಡಿ. 0419. ಅಂದ್ರೆ 2019ರ ನಾಲ್ಕನೇ ವಾರ ಹುಟ್ಟಿದ್ದು. ರಬ್ಬರು ಓಡದಿದ್ರೂ ಗಟ್ಟಿಯಾಗ್ತದೆ. ದೇವಿಮನೆ ಘಟ್ಟ ಇಳಿಯುವಾಗ ಮಳೆಯಲ್ಲಿ ಬ್ರೇಕು ಹಾಕಿದ್ರೆ ಗಾಡಿ ನಿಲ್ಲೂದು ಕುಮಟೆಯಲ್ಲೇ."

ಅಕ್ಕ ತುಪ್ಪ ಬಡಿಸುತ್ತಲೇ ಲೆಕ್ಕ ಹೇಳಿದಳು. ಹೊಸ ಕಾರಿನ ದರವೇ ಇಳಿದ ಮೇಲೆ ಹಳೆಯದು ಹಳೇ ದರದಲ್ಲೇ ಕೂತಿರುವುದು ನ್ಯಾಯವಲ್ಲ. ನಾಲ್ಕೂ ಟೈರು ಹೊಸದು ಹಾಕಬೇಕು. ವಿಮೆ ಮುಂದಿನ ತಿಂಗಳು ಮುಗಿಯುತ್ತದೆ, ನೋ ಕ್ಲೇಮ್ ಬೋನಸ್ಸು ಗಾಡಿಯ ಜೊತೆ ಬರುವುದಿಲ್ಲ, ಅದು ನಿಮ್ಮದು. "ನೀವೇ ಹೇಳಿ," ಎಂದು ಮುಗಿಸಿದಳು.

"ಛೆ, ನಂಗೆಂತ, ನೀವೇ ಹೇಳಿ."

"ನೀವು ಹಿರಿಯವು."

"ಹತ್ರದವು ಕೇಳಿದರೆ ನಾ ಎಂತ ಹೇಳಲಿ?"

ಇದು ಮೂರು ಸಲ ಸುತ್ತಿತು. ಕೈ ತೊಳೆದು ಬಂದ ಮೇಲೆ ನಾಯಕರಿಗೆ ತಡೆಯಲಾಗಲಿಲ್ಲ. ದನದ ಸಂತೆಯಲ್ಲಿ ಮಾಡುವ ಹಾಗೆ ಹೆಗಲಿನ ಪಂಜಿ ತೆಗೆದು, ತಮ್ಮ ಕೈ ಮುಚ್ಚಿಕೊಂಡು ಯಜಮಾನರ ಮುಂದೆ ಚಾಚಿದರು. ಅದರೊಳಗೆ ಕೈ ತೂರಿಸಿ, ಬೆರಳು ಹಿಡಿದು ಗುಟ್ಟಾಗಿ ದರ ಹೇಳಬೇಕು. ಯಜಮಾನರು ಪಂಜಿಯಲ್ಲಿ ಎರಡೂ ಕೈ ಚೆನ್ನಾಗಿ ಒರೆಸಿಕೊಂಡು, "ಉಪಕಾರ ಆತು," ಎಂದು ವಾಪಸು ಕೊಟ್ಟರು.

ಎಂಜಿನ್ನು ಅಷ್ಟರಲ್ಲಿ ತಣಿದಿತ್ತು. ಒಂದೇ ಕೀಲಿಗೆ ಹೊತ್ತಿತು, ಹೊಗೆಯಿಲ್ಲ, ಕುಟುಕುಟು ಇಲ್ಲ. ಬೆಲ್ಟು ಬುಡದವರೆಗೆ ಎಳೆದೆವು, ಸ್ವಚ್ಛ. ನಾಯಕರು ಅಡಿಗೆ ಮಲಗಿ ಎದ್ದು, ಬೆನ್ನಿನ ಕೆಸರಿನೊಂದಿಗೆ ತಲೆಯಾಡಿಸಿದರು. ಗಂಡಸರು ಜಗಲಿಯಲ್ಲಿ ಕವಳ ಹಾಕಿ, ಅಡಕೆ ದರ, ಮಂಗನ ಕಾಟ, ಮಕ್ಕಳ ಬೆಂಗಳೂರು ಮುಗಿಸಿ, ಕಾರಿನ ವಿಷಯ ಯಾರು ಎತ್ತಬೇಕು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಅಡುಗೆಮನೆಯಿಂದ ಇಬ್ಬರು ಹೆಂಗಸರು ಹೊರಬಂದರು.

"ಮೂರು ಎಂಬತ್ತೈದು," ಎಂದರು ಯಜಮಾನಿತಿ. "ಬ್ಯಾಂಕಿನ ಹೆಸರು ನಾವೇ ತೆಗೆಸಿ ಕೊಡದು. ಇವತ್ತು ಹತ್ತು ಸಾವಿರ ಮುಂಗಡ."

ಯಜಮಾನರು ಭಾವನನ್ನು ನೋಡಿದರು. ಭಾವ ಅಕ್ಕನನ್ನು ನೋಡಿದ. ಅಕ್ಕ ಕಣ್ಣಿನಲ್ಲೇ ಅನುಮತಿ ಕೊಟ್ಟಳು.

"ಅಡ್ಡಿಲ್ಲೆ," ಎಂದರು ಇಬ್ಬರೂ ಒಟ್ಟಿಗೆ.

ಮೂರು ಎಂಬತ್ತಕ್ಕೂ ಬಿಡುತ್ತಿದ್ದೆವು ಎಂದು ಅಪ್ಪೆಮಿಡಿ ಭರಣಿ ಕಟ್ಟಿಕೊಡುವಾಗ ಆ ಯಜಮಾನಿತಿ ಅಕ್ಕನ ಕಿವಿಯಲ್ಲಿ ಹೇಳಿದರಂತೆ. ಐದು ಸಾವಿರ ಉಪ್ಪಿನಕಾಯಿಗೆ ಎಂದುಕೊಂಡಿದ್ದೇನೆ ಎಂದಳು ಅಕ್ಕ. ಭಾವನಿಗೆ ಇನ್ನೂ ಗೊತ್ತಿಲ್ಲ, ನೀವೂ ಹೇಳಬೇಡಿ.

ಈಗ ಓಮ್ನಿ ಮಾರಬೇಕು. ನಾಯಕರು ಎಪ್ಪತ್ತು ಸಾವಿರ ಹೇಳಿ ಎಂದಿದ್ದಾರೆ. ಮಾಸ್ತರ್ರು ಅದು ಕೋಕಾ ಅಡಕೆ, ಹಾಳು ಮಾಲು, ಬಂದಷ್ಟಕ್ಕೆ ಕೊಡು ಎನ್ನುತ್ತಾರೆ. ಯಲ್ಲಾಪುರದ ಕಡೆಯವರೊಬ್ಬರು ನಿನ್ನೆ ಫೋನು ಮಾಡಿ, ಭಾನುವಾರ ಹತ್ತು ಗಂಟೆಗೆ ನೋಡಲು ಬರುತ್ತೇವೆ ಎಂದರು. ಭಾವ ಆಗಲಿ ಎನ್ನುವಷ್ಟರಲ್ಲಿ ಅಕ್ಕ ಫೋನು ಕಸಿದುಕೊಂಡಳು.

"ಹತ್ತಕ್ಕೆ ಬೇಡ, ಹನ್ನೆರಡರ ಮೇಲೆ ಬನ್ನಿ. ಊಟಕ್ಕೆ ಇಲ್ಲೇ."

ಫೋನು ಇಟ್ಟು ನನ್ನ ಕಡೆ ತಿರುಗಿದಳು. "ತಮಾ, ಹಿತ್ತಲ ಹಲಸಿನ ಮರದಲ್ಲಿ ಹಣ್ಣು ಉಳದ್ದಾ ನೋಡು."