ಬಾಯಿಪಾಠದ ಪ್ರಾರ್ಥನೆ ಬರುತ್ತೆ, ಸ್ವಂತ ಮಾತಲ್ಲಿ ಪ್ರಾರ್ಥಿಸೋದು ಹೇಗೆ?

ಪ್ರಶ್ನೆ: ಕಾಳಿ ದಡದವಳು, ಕಾರವಾರ

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಜುಬಾಗದ ಕೊಂಕಣಿ ಕ್ಯಾಥೊಲಿಕ್ ಮನೆ. ಸಂಜೆಯ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ತಪ್ಪಿಸಿದ್ದು ನನಗೆ ನೆನಪೇ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಮೇಣದ ಬತ್ತಿ ಹಚ್ಚಿಕೊಂಡು ಹೇಳುತ್ತಿದ್ದೆವು. ಜಪಸರ ಹಿಡಿದು ಮುಂದೆ ಕೂತು ಹೇಳಿಸುತ್ತಿದ್ದವರು ಅಪ್ಪ.

ಈ ವರ್ಷ ಅಪ್ಪನಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿವೆ. ಮಾತೂ ಹೋಗಿದೆ. ನೀರು ಬೇಕಿದ್ದರೆ ಲೋಟದ ಕಡೆ ಎಡಗೈ ತೋರಿಸುತ್ತಾರೆ. ನನ್ನ ಹೆಸರು ಹೇಳೋಕೆ ಹೋಗಿ ಅರ್ಧಕ್ಕೇ ಬಿಟ್ಟು ಕಣ್ಣೀರು ಹಾಕುತ್ತಾರೆ. ಆದರೆ ನಾನು 'ಆಮ್ಚ್ಯಾ ಬಾಪಾ' (ಕೊಂಕಣಿಯ ಪರಲೋಕ ಪ್ರಾರ್ಥನೆ, 'ನಮ್ಮ ತಂದೆಯೇ') ಅಂತ ಶುರು ಮಾಡಿದರೆ ಸಾಕು, ಅವರೂ ಜೊತೆಗೆ ಹೇಳುತ್ತಾರೆ. ತೊದಲುತ್ತಾರೆ, ಆದರೆ ಕೊನೆ ತನಕ ಬರುತ್ತಾರೆ.

ನೆಂಟರು, ವಾಳೆಯವರು (ನಮ್ಮ ಚರ್ಚಿನ ಅಕ್ಕಪಕ್ಕದ ಮನೆಯವರು) ನೋಡೋಕೆ ಬಂದಾಗ ಎಲ್ಲರೂ ನನ್ನ ಮುಖ ನೋಡುತ್ತಾರೆ. 'ಅಪ್ಪನಿಗೋಸ್ಕರ ನೀನೇ ಒಂದು ಪ್ರಾರ್ಥನೆ ಮಾಡು' ಅಂತಾರೆ. ಆಗ ನನಗೆ ಏನೂ ಬರೋದಿಲ್ಲ. ಬಂದರೆ 'ಓ ಕರುಣಾಮಯನಾದ ದೇವರೇ, ನಿಮ್ಮ ಅಪಾರ ಕೃಪೆಯಿಂದ' ಅಂತ ಪುಸ್ತಕದ ಸಾಲು ಬರುತ್ತೆ. ಅದು ನನ್ನ ಮಾತಲ್ಲ ಅಂತ ನನಗೇ ಗೊತ್ತು. ಒಬ್ಬಳೇ ಇದ್ದಾಗ ಮನಸ್ಸಲ್ಲಿ ಇರೋದೇ ಬೇರೆ. ಔಷಧಿ ಖರ್ಚು, ನಿದ್ದೆ ಇಲ್ಲದ ರಾತ್ರಿ, ಫೋನಲ್ಲೇ ಎಲ್ಲ ವಿಚಾರಿಸಿ ಮುಗಿಸುವ ಅಣ್ಣ. ಇದನ್ನೆಲ್ಲ ದೇವರ ಹತ್ತಿರ ಹೇಳೋದು ಪ್ರಾರ್ಥನೆ ಅನಿಸಿಕೊಳ್ಳುತ್ತಾ?

ಇನ್ನೊಂದು ವಿಷಯ. ಪ್ರಾರ್ಥನಾ ಕೂಟಕ್ಕೆ ಹೋಗುವ ಗೆಳತಿಯೊಬ್ಬಳು, 'ಬಾಯಿಪಾಠ ಒಪ್ಪಿಸೋದು ಪ್ರಾರ್ಥನೆ ಅಲ್ಲ, ಯೇಸುವೇ ಅದನ್ನು ಬೇಡ ಅಂದಿದ್ದಾರೆ' ಅಂದಳು. ಹಾಗಾದರೆ ಅಪ್ಪನಿಗೆ ಉಳಿದಿರುವುದು ಇಷ್ಟೇ, ಅದು ಪ್ರಾರ್ಥನೆಯೇ ಅಲ್ಲವಾ? ಈ ಮಾತು ಮನಸ್ಸಿಂದ ಹೋಗುತ್ತಿಲ್ಲ.

ಉತ್ತರ: ಶಿರಸಿಯ ನರ್ಸ್

ಅಪ್ಪನ ವಿಷಯ ಮೊದಲು ಹೇಳಿಬಿಡುತ್ತೇನೆ. ಬಲಭಾಗ ಬಿದ್ದು ಮಾತೂ ಹೋದರೆ ಸಾಮಾನ್ಯವಾಗಿ ಪೆಟ್ಟಾಗಿರೋದು ಮೆದುಳಿನ ಎಡಭಾಗಕ್ಕೆ. ಹೊಸದಾಗಿ ವಾಕ್ಯ ಕಟ್ಟುವ ಕೆಲಸ ಹೆಚ್ಚಿನವರಲ್ಲಿ ಅಲ್ಲೇ ನಡೆಯೋದು. ಆದರೆ ವರ್ಷಗಟ್ಟಲೆ ಹೇಳಿ ಹೇಳಿ ರೂಢಿಯಾದ ಮಾತು ಎಷ್ಟೋ ಸಲ ಉಳಿದಿರುತ್ತೆ. ಒಂದು ಎರಡು ಎಣಿಸೋದು, ವಾರದ ಹೆಸರು, ಹಾಡು, ಪ್ರಾರ್ಥನೆ. 'ನೀರು' ಅನ್ನೋಕಾಗದ ಹಿರಿಯರು ಇಡೀ ಭಜನೆ ಹೇಳಿದ್ದನ್ನು ವಾರ್ಡಿನಲ್ಲಿ ನಾನೇ ಕೇಳಿದ್ದೇನೆ. ತೇರ್ಸ್ ನಿಲ್ಲಿಸಬೇಡಿ. ನಿಧಾನವಾಗಿ ಹೇಳಿ, ಅವರಿಗೆ ಉಸಿರು ತಗೊಳ್ಳೋಕೆ ಬಿಡಿ. ಸ್ಪೀಚ್ ಥೆರಪಿ ಶುರು ಮಾಡಿಲ್ಲದಿದ್ದರೆ ಡಾಕ್ಟರ್ ಹತ್ತಿರ ಕೇಳಿ, ತಡ ಮಾಡಬೇಡಿ. ಪ್ರಾರ್ಥನೆ ಬಗ್ಗೆ ನನಗಿಂತ ತಿಳಿದವರು ಹೇಳಲಿ.

ಉತ್ತರ: ಶರಾವತಿ ಟೀಚರ್, ಹೊನ್ನಾವರ

ತಂಗಿ, ನಾನು ರಿಟೈರ್ಡ್ ಟೀಚರ್. ಈಗ ಭಾನುವಾರ ಪೂಜೆ ಆದಮೇಲೆ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ.

ನಿಮ್ಮ ಗೆಳತಿ ಹೇಳಿದ ವಚನ ಬೈಬಲ್ಲಿನ ಮತ್ತಾಯ 6:7. ಬರೀ ಮಾತು ಬೆಳೆಸಿದರೆ ದೇವರು ಕೇಳುತ್ತಾನೆ ಅಂದುಕೊಳ್ಳಬೇಡಿ ಅನ್ನೋದು ಅಲ್ಲಿರುವ ಮಾತು. ಆಕೆ ಇನ್ನೆರಡು ವಚನ ಮುಂದೆ ಓದಬೇಕಿತ್ತು. 9ನೇ ವಚನದಲ್ಲಿ ಯೇಸುವೇ 'ನೀವು ಹೀಗೆ ಪ್ರಾರ್ಥಿಸಿ' ಅಂತ ಪರಲೋಕ ಪ್ರಾರ್ಥನೆ ಹೇಳಿಕೊಡುತ್ತಾರೆ. ಗೆತ್ಸೇಮನೆ ತೋಟದಲ್ಲಿ ಮೂರನೇ ಸಲ ಹೋಗಿ ಪ್ರಾರ್ಥಿಸಿದಾಗಲೂ ಅವರು ಅದೇ ಮಾತುಗಳನ್ನೇ ಹೇಳಿದರು ಅಂತ ಮತ್ತಾಯ 26:44ರಲ್ಲಿದೆ. ಶಿಲುಬೆಯ ಮೇಲೆ 'ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ' ಅಂತ ಕೂಗಿದ್ದು ಬೈಬಲ್ಲಿನ ಕೀರ್ತನೆಗಳಲ್ಲಿ 22ನೆಯದರ ಮೊದಲ ಸಾಲು. ಪ್ರಾಣ ಹೋಗುವ ಹೊತ್ತಲ್ಲಿ ಅವರ ಬಾಯಿಗೆ ಬಂದದ್ದು ಕಲಿತ ಪ್ರಾರ್ಥನೆ. ನಿಮ್ಮ ಅಪ್ಪನ 'ಆಮ್ಚ್ಯಾ ಬಾಪಾ' ಪ್ರಾರ್ಥನೆ ಹೌದೋ ಅಲ್ಲವೋ ಅಂತ ಇನ್ನು ಯಾರನ್ನೂ ಕೇಳಬೇಡಿ.

ಆವಿಲಾದ ಸಂತ ತೆರೇಸಾ 16ನೇ ಶತಮಾನದಲ್ಲಿ ಒಬ್ಬಳ ವಿಷಯ ಬರೆದಿದ್ದಾರೆ. ತನಗೆ ಬಾಯಿಯಲ್ಲಿ ಹೇಳುವ ಪ್ರಾರ್ಥನೆ ಬಿಟ್ಟರೆ ಧ್ಯಾನಗೀನ ಏನೂ ಬರೋದಿಲ್ಲ ಅಂತ ಆಕೆಗೆ ತುಂಬ ಸಂಕಟ. ವಿಚಾರಿಸಿ ನೋಡಿದರೆ, ಪರಲೋಕ ಪ್ರಾರ್ಥನೆ ಹೇಳುತ್ತಾ ಹೇಳುತ್ತಾನೇ ಆಕೆ ತುಂಬ ಆಳದ ಧ್ಯಾನಕ್ಕೆ ಇಳಿದಿದ್ದಳು.

ಈಗ ನಿಮ್ಮ ಸ್ವಂತ ಮಾತಿನ ವಿಷಯ. ಮಾರ್ಕನ 10ನೇ ಅಧ್ಯಾಯದಲ್ಲಿ ಬಾರ್ತಿಮಾಯ ಅಂತ ಕುರುಡ ಭಿಕ್ಷುಕ ಇದ್ದಾನೆ. ಯೆರಿಕೋ ದಾರಿಯಲ್ಲಿ ಕೂತು 'ದಾವೀದನ ಕುಮಾರನೇ, ನನ್ನನ್ನು ಕರುಣಿಸು' ಅಂತ ಕೂಗುತ್ತಾನೆ. ಜನ ಗದರಿಸಿದರೂ ಬಿಡೋದಿಲ್ಲ. ಯೇಸು ಕರೆಸಿ, 'ನಿನಗೆ ನಾನು ಏನು ಮಾಡಬೇಕು?' ಅಂತ ಕೇಳುತ್ತಾರೆ. ಅವನಿಗೆ ಏನು ಬೇಕು ಅಂತ ಸುತ್ತ ನಿಂತವರಿಗೆಲ್ಲ ಗೊತ್ತು. ಆದರೂ ಅವನ ಬಾಯಿಂದಲೇ ಹೇಳಿಸಿದರು. ಅವನು 'ನನಗೆ ಕಣ್ಣು ಕಾಣಬೇಕು' ಅಂದ. ಅಷ್ಟೇ. ನಾನು ಪ್ರಾರ್ಥನೆಗೆ ಕೂತಾಗ ಆ ಪ್ರಶ್ನೆ ನನಗೇ ಕೇಳಿದ್ದು ಅಂದುಕೊಂಡು ಉತ್ತರ ಹೇಳುತ್ತೇನೆ.

ಮಕ್ಕಳಿಗೂ ಅದನ್ನೇ ಮಾಡಿಸುತ್ತೇನೆ. 'ಎಲ್ಲರಿಗೂ ಒಳ್ಳೇದು ಮಾಡಪ್ಪ' ಅನ್ನೋ ಹಾಗಿಲ್ಲ, ನಿಮಗೆ ಏನು ಬೇಕು ಅದನ್ನು ಹೇಳಿ ಅಂತೀನಿ. ಒಂದು ಜುಲೈ ತಿಂಗಳು. ಮೀನುಗಾರಿಕೆ ಬಂದ್ ಇದ್ದ ಸಮಯ. ನಿಮಗೂ ಗೊತ್ತಲ್ಲ, ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟು ಕಡಲಿಗೆ ಇಳಿಯೋ ಹಾಗಿಲ್ಲ. ಕಾಸರಕೋಡ ಕಡೆಯ ಹುಡುಗನೊಬ್ಬ ಎದ್ದು ನಿಂತು, ಅಂಗಿಯ ತುದಿ ತಿರುಚುತ್ತಾ, 'ಯೇಸುವೇ, ಬೋಟ್ ಬಂದ್ ಇದೆ. ಅಪ್ಪ ದಿನಾ ಮನೇಲಿ ಇರ್ತಾರೆ. ದಿನಾ ಜಗಳ. ಆಗಸ್ಟ್ ಬೇಗ ಬರಲಿ' ಅಂದ. ಉಳಿದ ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಅದರಲ್ಲಿ ಅಪ್ಪನ ಮೇಲಿನ ಭಯ ಇತ್ತು, ಪ್ರೀತಿ ಇತ್ತು, ಮನೆಯ ಕಷ್ಟ ಇತ್ತು. ಸುಳ್ಳು ಒಂದಕ್ಷರ ಇರಲಿಲ್ಲ. ದೊಡ್ಡವರ ಪ್ರಾರ್ಥನೆಯಲ್ಲಿ ಅಂಥ ನಾಲ್ಕು ವಾಕ್ಯ ನಾನು ಕೇಳಿದ್ದು ಕಡಿಮೆ.

ನನ್ನದೂ ಹೇಳುತ್ತೇನೆ. ಅಪ್ಪನ ಜಾಗದ ಪಾಲಿನ ವಿಷಯಕ್ಕೆ ನನಗೂ ಅಕ್ಕನಿಗೂ ಮಾತಿಲ್ಲ. ಪರಲೋಕ ಪ್ರಾರ್ಥನೆಯಲ್ಲಿ 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ' ಅನ್ನೋ ಸಾಲು ಬಂದಾಗೆಲ್ಲ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಆಗುತ್ತಿತ್ತು. ಒಂದು ರಾತ್ರಿ ಅಲ್ಲೇ ನಿಲ್ಲಿಸಿ, 'ದೇವರೇ, ನನಗೆ ಅವಳ ಮುಖ ನೋಡೋಕೂ ಇಷ್ಟ ಇಲ್ಲ. ಕ್ಷಮಿಸೋಕೆ ಮನಸ್ಸೂ ಇಲ್ಲ. ಇದ್ದದ್ದು ಹೇಳಿದ್ದೀನಿ, ಇನ್ನು ನೀನು ನೋಡಿಕೋ' ಅಂದೆ. ಆಮೇಲೆ ಮಾತು ತಾನಾಗೇ ಬಂತು, ಅರ್ಧ ಕೊಂಕಣಿ, ಅರ್ಧ ಕನ್ನಡ. ಜಾಗದ ತಕರಾರು ಈಗಲೂ ಮುಗಿದಿಲ್ಲ. ಆದರೆ ಅಕ್ಕನ ಹೆಸರು ಹಿಡಿದು ಪ್ರಾರ್ಥಿಸುತ್ತೇನೆ. ಮುಂಚೆ ಅದೂ ಆಗುತ್ತಿರಲಿಲ್ಲ.

ಹಾಗಾಗಿ ಔಷಧಿ ಖರ್ಚು, ನಿದ್ದೆ, ಅಣ್ಣ, ಎಲ್ಲ ಹೇಳಿ. ದೇವರ ಹತ್ತಿರ ಸಿಟ್ಟಲ್ಲಿ ಮಾತಾಡೋಕೆ ಹೆದರಿಕೆ ಆದರೆ ಕೀರ್ತನೆಗಳನ್ನು ಓದಿ. 150ರಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳು, ದೂರು. 13ನೇ ಕೀರ್ತನೆ ಶುರುವಾಗೋದೇ 'ಎಷ್ಟರವರೆಗೆ ಸ್ವಾಮಿ' ಅಂತ. ಎರಡು ವಚನದಲ್ಲಿ ನಾಲ್ಕು ಸಲ ಅದೇ ಪ್ರಶ್ನೆ. 88ನೆಯದಂತೂ ಕತ್ತಲೆಯ ಮಾತಲ್ಲೇ ನಿಂತುಬಿಡುತ್ತೆ, ಕೊನೆಗೂ ಸಮಾಧಾನದ ಒಂದು ಸಾಲಿಲ್ಲ. ಅದನ್ನೂ ಬೈಬಲ್ಲಿನಲ್ಲಿ ಇಟ್ಟಿದ್ದಾರೆ. 13ನ್ನು ಗಟ್ಟಿಯಾಗಿ ಓದಿ, ಮುಂದಿನ ವಾಕ್ಯ ನೀವು ಹೇಳಿ.

ತೇರ್ಸ್ ಜೊತೆಗೂ ಸೇರಿಸಬಹುದು. ಪ್ರತಿ ಹತ್ತು 'ನಮಾನ್ ಮರಿಯೆ' (ಮರಿಯಮ್ಮನಿಗೆ ಹೇಳುವ ಪ್ರಾರ್ಥನೆ) ಶುರು ಮಾಡುವ ಮುಂಚೆ ಒಂದು ಸಾಲು ನಿಮ್ಮದು ಇರಲಿ. ಈ ಹತ್ತು ಅಪ್ಪನ ಬಲಗೈಗೆ. ಈ ಹತ್ತು ಅಣ್ಣನಿಗೆ. ಈ ಹತ್ತು ನನಗೆ ನಿದ್ದೆ ಬರಲಿ ಅಂತ. ನಮ್ಮಲ್ಲಿ ಹಿರಿಯರು ಹೀಗೆ ಉದ್ದೇಶ ಇಟ್ಟು ಹೇಳುತ್ತಿದ್ದರು, ಈಗ ಗಡಿಬಿಡಿಯಲ್ಲಿ ಬಿಟ್ಟುಹೋಗಿದೆ.

ನೆಂಟರ ಮುಂದೆ ಹೇಳಲೇಬೇಕು ಅಂತೇನಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಪ್ರಾರ್ಥಿಸು ಅಂತಲೇ ಯೇಸು ಹೇಳಿದ್ದು. ಅವರು ಬಂದಾಗ ತೇರ್ಸ್‌ನ ಒಂದು ಹತ್ತು ಹೇಳಿ ಮುಗಿಸಿ.

ಉತ್ತರ: ಮಲ್ಲಾಪುರ ಕಾಲೊನಿ

ನಾನು ಸಿ.ಎಸ್.ಐ. (ಪ್ರೊಟೆಸ್ಟಂಟ್) ಸಭೆಯವನು, ಊರು ಹುಬ್ಬಳ್ಳಿ, ಕೆಲಸ ಕೈಗಾದಲ್ಲಿ. ನಮ್ಮಲ್ಲಿ ಸಣ್ಣವರಿದ್ದಾಗಿಂದ ಸ್ವಂತ ಮಾತಲ್ಲೇ ಪ್ರಾರ್ಥನೆ ಮಾಡಿಸುತ್ತಾರೆ. ಅದರಲ್ಲೂ ಒಂದು ಅಪಾಯ ಇದೆ. ಸ್ವಂತ ಮಾತೂ ಬಾಯಿಪಾಠ ಆಗಿಬಿಡುತ್ತೆ. 'ಈ ಕ್ಷಣದವರೆಗೂ ಕಾಪಾಡಿ ನಡೆಸಿದ್ದಕ್ಕೆ ಸ್ತೋತ್ರ ಕರ್ತನೇ' ಅಂತ ಶುರುಮಾಡಿದರೆ ಹತ್ತು ನಿಮಿಷ ತಡೆಯಿಲ್ಲದೆ ಹೇಳಬಲ್ಲೆ, ಮನಸ್ಸು ಎಲ್ಲೋ ಇರುತ್ತೆ. ಸರಾಗವಾಗಿ ಹೇಳುವವರನ್ನು ನೋಡಿ ನೀವು ಕುಗ್ಗಬೇಡಿ. ತಡವರಿಸುವವರ ಪ್ರಾರ್ಥನೆಯೇ ಎಷ್ಟೋ ಸಲ ನಿಜವಾದದ್ದು.

ಬೈಬಲ್ಲಿನ ಹನ್ನಳನ್ನು ನೆನೆಸಿಕೊಳ್ಳಿ, 1 ಸಮುವೇಲ 1. ಮಕ್ಕಳಿಲ್ಲದ ದುಃಖಕ್ಕೆ ದೇವರ ಮುಂದೆ ಅಳುತ್ತಾಳೆ. ತುಟಿ ಅಲ್ಲಾಡುತ್ತೆ, ದನಿ ಇಲ್ಲ. ಯಾಜಕ ಏಲಿ ಇವಳು ಕುಡಿದಿದ್ದಾಳೆ ಅಂತ ತಿಳಿದು ಬೈಯುತ್ತಾನೆ. 'ಇಲ್ಲ, ನನ್ನ ಮನಸ್ಸಲ್ಲಿದ್ದದ್ದನ್ನು ದೇವರ ಮುಂದೆ ಹೊಯ್ದುಕೊಳ್ಳುತ್ತಿದ್ದೆ' ಅಂತಾಳೆ. ಯಾಜಕನಿಗೂ ಅದು ಪ್ರಾರ್ಥನೆ ಅಂತ ಗುರುತು ಸಿಗಲಿಲ್ಲ ನೋಡಿ. ಮಾತೇ ಬರದ ದಿನಕ್ಕೆ ರೋಮ 8:26 ಇದೆ. ಹೇಗೆ ಪ್ರಾರ್ಥಿಸಬೇಕೋ ತಿಳಿಯದಿದ್ದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ.

ಟೀಚರ್ ಹೇಳಿದ ಒಂದು ಮಾತು ಮಾತ್ರ ನಾನು ಒಪ್ಪೋದಿಲ್ಲ. ನೆಂಟರ ಮುಂದೆ ತಪ್ಪಿಸಿಕೊಳ್ಳಬೇಡಿ. ಅವರಿಗೋಸ್ಕರ ಅಲ್ಲ, ನಿಮ್ಮ ಅಪ್ಪನಿಗೋಸ್ಕರ. ಮಗಳು ತಮ್ಮ ಹೆಸರು ಹೇಳಿ ದೇವರ ಹತ್ತಿರ ಕೇಳಿಕೊಳ್ಳೋದನ್ನು ಅವರು ಕೇಳಿಸಿಕೊಳ್ಳಬೇಕು. ನನ್ನ ಆಪರೇಷನ್ ಹಿಂದಿನ ದಿನ ಅಮ್ಮ ಮಂಚದ ಕಂಬಿ ಹಿಡಿದುಕೊಂಡು, 'ತಂದೆಯೇ, ನಾಳೆ ಇವನಿಗೆ ಹೆದರಿಕೆ ಆಗದಿರಲಿ, ಡಾಕ್ಟರ ಕೈ ನಡುಗದಿರಲಿ' ಅಂದಿದ್ದರು. ಅದಕ್ಕಿಂತ ಉದ್ದ ಬೇಕಾಗಿಲ್ಲ.

ಕಾಳಿ ದಡದವಳು

ಓದಿ ತುಂಬ ಹೊತ್ತು ಅತ್ತೆ. ಎಲ್ಲರಿಗೂ ದೇವ್ ಬರೆಂ ಕರುಂ, ದೇವರು ಒಳ್ಳೇದು ಮಾಡಲಿ. ನಿನ್ನೆ ತೇರ್ಸ್‌ನಲ್ಲಿ ಟೀಚರ್ ಹೇಳಿದ ಹಾಗೆ 'ಈ ಹತ್ತು ಅಪ್ಪನ ಬಲಗೈಗೆ' ಅಂದೆ. ಅಪ್ಪ ಎಡಗೈಯಿಂದ ತಮ್ಮ ಬಲಗೈ ಎತ್ತಿ ಮಡಿಲ ಮೇಲೆ ಇಟ್ಟುಕೊಂಡರು. ಅಂದರೆ ಅರ್ಥ ಆಗುತ್ತೆ ಅಲ್ವಾ? ಹಾಗಾದರೆ ಅಣ್ಣನ ಮೇಲಿನ ಸಿಟ್ಟು, ದುಡ್ಡಿನ ಚಿಂತೆ ಇದನ್ನೆಲ್ಲ ಅಪ್ಪನ ಎದುರೇ ಪ್ರಾರ್ಥನೆಯಲ್ಲಿ ಹೇಳೋದಾ? ಪ್ರಾಮಾಣಿಕವಾಗಿರಬೇಕು ಅಂದರೆ ಹೇಳಲೇಬೇಕಾ?

ಶಿರಸಿಯ ನರ್ಸ್

ಎಷ್ಟು ಅರ್ಥ ಆಗುತ್ತೆ ಅನ್ನೋದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಆದರೆ ಆಡೋಕೆ ಆಗೋದಕ್ಕಿಂತ ಅರ್ಥ ಆಗೋದು ಜಾಸ್ತಿ ಇರುವವರು ತುಂಬ ಜನ. ಎಲ್ಲ ಕೇಳಿಸುತ್ತೆ ಅಂತಲೇ ತಿಳಿದು ಮಾತಾಡಿ.

ಶರಾವತಿ ಟೀಚರ್

ಅಪ್ಪನ ಎದುರು ಅದು ಬೇಡ ತಂಗಿ. ತನ್ನಿಂದಲೇ ಮಕ್ಕಳಿಗೆ ಕಷ್ಟ ಅಂತ ಕೊರಗುತ್ತಾರೆ, ತಿರುಗಿ ಒಂದು ಮಾತು ಹೇಳೋಕೂ ಆಗೋದಿಲ್ಲ ಅವರಿಗೆ. ದುಡ್ಡು, ಸಿಟ್ಟು ನೀವು ಒಬ್ಬರೇ ಇರುವಾಗ ಹೇಳಿ. ಪಾತ್ರೆ ತೊಳೆಯುವಾಗ ಆದರೂ ಸರಿ, ಮೊಣಕಾಲೂರಲೇಬೇಕು ಅಂತಿಲ್ಲ. ಅಪ್ಪನ ಪಕ್ಕ ಕೂತಾಗ ಅವರಿಗೆ ಏನು ಬೇಕು ಅಂತ ಮೊದಲು ಅವರನ್ನೇ ಕೇಳಿ. 'ಕೈಗೋ, ಮಾತಿಗೋ, ನಿದ್ದೆಗೋ?' ಅಂತ ಒಂದೊಂದಾಗಿ ಕೇಳಿದರೆ ತಲೆ ಆಡಿಸುತ್ತಾರೆ. ಅವರು ಯಾವುದಕ್ಕೆ ಹೂಂ ಅಂದರೋ ಅದನ್ನು ಅವರ ಪರವಾಗಿ ಗಟ್ಟಿಯಾಗಿ ಹೇಳಿ, ಆಮೇಲೆ 'ಆಮ್ಚ್ಯಾ ಬಾಪಾ' ಶುರು ಮಾಡಿ. ಮಲ್ಲಾಪುರದವರು ಹೇಳಿದ ಹಾಗೆ ನೆಂಟರು ಇದ್ದಾಗಲೂ ಇದನ್ನೇ ಮಾಡಬಹುದು. ಅಣ್ಣನಿಗೂ ಒಂದು ಫೋನ್ ಮಾಡಿ, ಖರ್ಚು ಇಷ್ಟಾಗುತ್ತಿದೆ ಅಂತ ಲೆಕ್ಕ ಸಮೇತ ಹೇಳಿ. ದೇವರ ಹತ್ತಿರ ಹೇಳಿದ್ದನ್ನು ಅವನ ಹತ್ತಿರ ಮುಚ್ಚಿಡಬೇಕಾಗಿಲ್ಲ.